ಫೋನಲ್ಲಿ ಹಳ್ಳ ಕಾಣ್ಸುತ್ತಾ?

"ಮುಚ್ಚೋದಲ್ಲ ಮಾರಾಯ್ರೆ, ವಿಲೀನ ಅಷ್ಟೇ." ಸೋಮವಾರ ನಮ್ಮೂರ ಶಾಲೆಗೆ ಬಂದ ಅಧಿಕಾರಿ ಇದನ್ನೇ ಮೂರು ಸಲ ಹೇಳಿದರು. ಇರುವುದು 9 ಮಕ್ಕಳು, ಒಬ್ಬರೇ ಮೇಷ್ಟ್ರು. ಅಂಗಳದಲ್ಲಿ ಮಕ್ಕಳಿಗಿಂತ ನಾವೇ ಜಾಸ್ತಿ ಇದ್ದೆವು.

ಆಮೇಲೆ ಅವರು ಮೊಬೈಲ್ ತೆಗೆದು ಮ್ಯಾಪ್ ತೋರಿಸಿದರು. "ಪಕ್ಕದೂರಿನ ಶಾಲೆ 900 ಮೀಟರ್. ಶಿಕ್ಷಣ ಹಕ್ಕು ಕಾಯ್ದೆ, ಅದೇ ಆರ್‌ಟಿಇ ಪ್ರಕಾರ ಐದನೇ ಕ್ಲಾಸಿನವರೆಗೆ 1 ಕಿಲೋಮೀಟರ್ ಒಳಗಿದ್ದರೆ ಸಾಕು." ಲೆಕ್ಕ ಸರಿಯಾಗಿಯೇ ಇತ್ತು. ನಾವೆಲ್ಲ ಸುಮ್ಮನಾದೆವು.

ಆಗ ಬಿಸಿಯೂಟ ಮಾಡುವ ಅಕ್ಕ ಸೆರಗಿಗೆ ಕೈ ಒರೆಸುತ್ತಾ ಬಂದಳು. ಫೋನಿಗೆ ಬಗ್ಗಿ ನೋಡಿ ಕೇಳಿದಳು: "ಸಾರ್, ಇದ್ರಲ್ಲಿ ಹಳ್ಳ ಕಾಣ್ಸುತ್ತಾ?"

ಅವರು ಬೆರಳಲ್ಲಿ ಮ್ಯಾಪ್ ದೊಡ್ಡದು ಮಾಡಿದರು. ಹಸಿರು ಬಿಟ್ಟರೆ ಏನೂ ಕಾಣಲಿಲ್ಲ. ಪಾಪ, ಕೆಟ್ಟವರೇನಲ್ಲ ಅವರು. ಮೇಲಿನವರು ಪಟ್ಟಿ ಕೇಳಿದ್ದಾರೆ, ಕೊಡಬೇಕು. ಆದರೆ ಆ ಹಳ್ಳಕ್ಕಿರುವುದು ಎರಡು ಅಡಿಕೆ ಮರ ಹಾಸಿದ ಕಾಲುಸಂಕ. ಜುಲೈ ಬಂತೆಂದರೆ ದೊಡ್ಡವರೇ ಕೋಲು ಊರಿ ದಾಟಬೇಕು. 2022ರಲ್ಲಿ ಬೈಂದೂರು ಕಡೆ ಶಾಲೆ ಬಿಟ್ಟು ಬರುತ್ತಿದ್ದ ಪುಟ್ಟ ಹುಡುಗಿ ಇಂಥದೇ ಸಂಕದಿಂದ ಬಿದ್ದು ಕೊಚ್ಚಿಹೋದದ್ದು ನಮಗಿನ್ನೂ ಮರೆತಿಲ್ಲ.

ಹಳ್ಳ ಕಾಣ್ಸುತ್ತಾ? ರಾತ್ರಿಯೆಲ್ಲ ಅದೇ ಕಿವಿಯಲ್ಲಿ. ಎದ್ದು ಕೂತು ಆರ್‌ಟಿಇ ಹುಡುಕಿದೆ. ಕೇಂದ್ರದ 2010ರ ನಿಯಮದಲ್ಲೇ ಇದೆ: ದಾರಿಯಲ್ಲಿ ನೆರೆ, ಗುಡ್ಡ ಕುಸಿತದ ಭಯ ಇದ್ದರೆ, ರಸ್ತೆ ಇಲ್ಲದಿದ್ದರೆ, ಆ 1 ಕಿಲೋಮೀಟರನ್ನೂ ಕಡಿಮೆ ಮಾಡಿ ಮಕ್ಕಳಿಗೆ ಅಪಾಯ ಆಗದ ಕಡೆ ಶಾಲೆ ಇಡಬೇಕು. ಡಿಗ್ರಿ ಮಾಡಿದ ನಾವು ನಾಲ್ಕೈದು ಜನ ಅಲ್ಲೇ ನಿಂತಿದ್ದೆವು. ಒಬ್ಬರಿಗೂ ಗೊತ್ತಿರಲಿಲ್ಲ. ಸಹಿ ಹಾಕಲಿಕ್ಕಷ್ಟೇ ಅಕ್ಷರ ಕಲಿತ ಅಕ್ಕ ಅದನ್ನೇ ಕೇಳಿದ್ದಳು.

ಇನ್ನೊಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಅವತ್ತು "ನಮ್ಮ ಶಾಲೆ, ನಮ್ಮ ಹಕ್ಕು" ಅಂತ ಜೋರಾಗಿ ಕೂಗಿದವರಲ್ಲಿ ಅರ್ಧ ಜನರ ಮಕ್ಕಳು ಬೆಳಿಗ್ಗೆ ಹಳದಿ ವ್ಯಾನ್ ಹತ್ತಿ ಪೇಟೆಯ ಇಂಗ್ಲಿಷ್ ಮೀಡಿಯಮ್ಮಿಗೆ ಹೋಗುತ್ತಾರೆ. ಎಲ್ಲರಿಗಿಂತ ದೊಡ್ಡ ದನಿ ತೆಗೆದ ಮಹಾನುಭಾವರ ಮೊಮ್ಮಕ್ಕಳು ಆ ವ್ಯಾನಿನ ಮುಂದಿನ ಸೀಟಿನವರು. ನನ್ನ ಮಗಳು ಹಿಂದಿನ ಸೀಟು.

ನಿಯಮದ ವಿಷಯ ಹೇಳೋಣವೆಂದು ಬೆಳಿಗ್ಗೆ ಅಕ್ಕನ ಮನೆಗೇ ಹೋದೆ. ಪೂರ್ತಿ ಕೇಳಿಸಿಕೊಂಡಳು.

"ಒಳ್ಳೇದಾಯ್ತು ತಮ್ಮಾ, ಅರ್ಜಿ ಬರ್ದು ಕೊಡು" ಅಂದಳು. ಅಕ್ಕಿ ಆರಿಸುವ ಕೈ ನಿಲ್ಲಿಸದೆಯೇ ಕೇಳಿದಳು, "ನಿನ್ ಮಗಳ ಟಿಸಿ ಯಾವಾಗ ತರ್ತೀಯ?"

ಅರ್ಜಿ ಕೊಟ್ಟಾಯಿತು. ಟಿಸಿ ವಿಷಯ ಹೆಂಡತಿಗೆ ಇನ್ನೂ ಹೇಳಿಲ್ಲ.