ಕ್ರೆಶ್ ರೂಮಿನ ಬೀಗ

ಹಾಸನದ ಒಂದು ಗಾರ್ಮೆಂಟ್ಸ್‌ನಲ್ಲಿ ಎಚ್‌ಆರ್ ಕೆಲಸ ನನ್ನದು. ಹೋದ ವರ್ಷದ ಬೈಯರ್ ಆಡಿಟ್, ಅಂದರೆ ನಮ್ಮ ಬಟ್ಟೆ ಕೊಳ್ಳುವ ಕಂಪನಿ ಮಾಡಿಸುವ ತಪಾಸಣೆ, ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಇಎಸ್‌ಐ ವಿಮೆ, ಓವರ್‌ಟೈಮ್, ಫೈರ್ ಡ್ರಿಲ್, ಎಲ್ಲ ಫೈಲೂ ಪಕ್ಕಾ ಇತ್ತು. ಆಡಿಟರ್ ಮೇಡಂ ಕ್ರೆಶ್, ಅಂದರೆ ಕೆಲಸದ ಹೊತ್ತಲ್ಲಿ ಕೆಲಸಗಾರರ ಪುಟ್ಟ ಮಕ್ಕಳನ್ನು ನೋಡಿಕೊಳ್ಳುವ ಕೋಣೆಯ ರಿಜಿಸ್ಟರ್ ಕೇಳಿದರು. ಏಳು ತಿಂಗಳಿಂದ ಸೊನ್ನೆ.

"ಆರು ನೂರು ಹೆಂಗಸರಿದ್ದಾರೆ. ಒಂದು ಮಗುವೂ ಇಲ್ವಾ?"

"ನಮ್ ಕಡೆ ಅತ್ತೆಯಂದಿರೇ ನೋಡ್ಕೋತಾರೆ ಮೇಡಂ. ಡಿಮ್ಯಾಂಡೇ ಇಲ್ಲ" ಅಂದೆ. ಅದೇನು ಧೈರ್ಯ ನನಗೆ!

ರೂಮು ತೋರಿಸಿ ಅಂದರು. ಬೀಗದ ಕೈ ಸ್ಟೋರಿನವನ ಹತ್ತಿರ. ಅವನು ಊಟಕ್ಕೆ ಹೋಗಿದ್ದ. ಮೊಲದ ಚಿತ್ರ ಬರೆದಿದ್ದ ಆ ಬಾಗಿಲ ಮುಂದೆ ಹತ್ತು ನಿಮಿಷ ನಿಂತೆವು. ಮಾತಿಲ್ಲ. ನಾನು ಸುಮ್ನೆ ಫೋನ್ ನೋಡುತ್ತಿದ್ದೆ. ಕೊನೆಗೆ ತೆಗೆದರೆ ತೊಟ್ಟಿಲ ತುಂಬ ಕಾರ್ಟನ್.

ಮೇಡಂ ಏನೂ ಹೇಳಲಿಲ್ಲ. ನೇರ ಲೈನಿಗೆ ಹೋಗಿ, ಕಾಲರ್ ಅಟ್ಯಾಚ್ ಮಾಡುತ್ತಿದ್ದ ಒಬ್ಬರನ್ನು ಕೇಳಿದರು. ಅವರು ಮಿಷನ್ ನಿಲ್ಲಿಸದೆಯೇ ಹೇಳಿದರು: "ನಾವು ಎಂಟೂವರೆಗೆ ಹಾಜರಿ ಪಂಚ್ ಮಾಡ್ಬೇಕು. ಆಯಾ ಬರೋದು ಒಂಬತ್ತೂವರೆಗೆ. ಅಲ್ಲೀತನಕ ಮಗೂನ ಸೆಕ್ಯೂರಿಟಿ ಕೈಲಿ ಕೊಡ್ಲಾ?"

ಆ ಟೈಮ್ ಹಾಕಿದ್ದು ನಾನೇ. ಆಯಾರನ್ನು ಆಫೀಸ್ ಶಿಫ್ಟ್‌ಗೆ ಸೇರಿಸಿದ್ದೆ. ಸಾಫ್ಟ್‌ವೇರ್‌ನಲ್ಲಿ ಬೇರೆ ಶಿಫ್ಟ್ ಮಾಡಬೇಕಾದರೆ ಹೆಡ್ ಆಫೀಸ್ ಅಪ್ರೂವಲ್ ಬೇಕು, ಅದು ಬರುವಷ್ಟರಲ್ಲಿ ಮಗು ಸ್ಕೂಲಿಗೆ ಸೇರಿರುತ್ತದೆ.

ಸಂಜೆ ರಿಸೈನ್ ಫೈಲ್ ತೆಗೆದೆ. ಬಾಣಂತನ ಮುಗಿಸಿ ಬಂದು ತಿಂಗಳೊಳಗೆ ಬಿಟ್ಟವರು ಹನ್ನೊಂದು ಜನ. ಎಲ್ಲರ ಮುಂದೆಯೂ "ಸ್ವಂತ ಕಾರಣ" ಅಂತ ನನ್ನದೇ ಕೈಬರಹ. ಹೆರಿಗೆ ಸೌಲಭ್ಯದ ಕಾನೂನಿಗೆ 2017ರ ತಿದ್ದುಪಡಿ ಬಂದ ಮೇಲೆ ಮೊದಲ ಎರಡು ಮಕ್ಕಳಿಗೆ 26 ವಾರ ರಜೆ ಇದೆ. ರಜೆ ಮುಗಿದಾಗ ಮಗುವಿಗೆ ಹೆಚ್ಚೆಂದರೆ ಆರು ತಿಂಗಳು. ಅಂಗನವಾಡಿಯಲ್ಲಿ ಕೂರಿಸಿಕೊಳ್ಳುವುದು ಮೂರು ವರ್ಷ ತುಂಬಿದ ಮೇಲೆ. ನಡುವಿನ ಎರಡೂವರೆ ವರ್ಷಕ್ಕೂ ಅಲ್ವಾ, 50 ಜನ ಕೆಲಸಗಾರರಿದ್ದರೆ ಕ್ರೆಶ್ ಇರಲೇಬೇಕು ಅಂತ ಕಾನೂನು ಹೇಳಿರುವುದು?

ಇನ್ನೊಂದು ಲೆಕ್ಕವೂ ತಪ್ಪಿತ್ತು. ಓದಿದವರು ನಿಲ್ಲುತ್ತಾರೆ ಅಂತ ಪಿಯುಸಿ, ಡಿಗ್ರಿಯವರನ್ನೇ ಜಾಸ್ತಿ ತೆಗೆದುಕೊಂಡಿದ್ದೆ. ಬಿಟ್ಟ ಹನ್ನೊಂದರಲ್ಲಿ ಎಂಟು ಜನ ಅವರೇ. ಏಳನೇ ಕ್ಲಾಸಿನವರು ಪಕ್ಕದ ಮನೆಯಲ್ಲಿ ಮಗು ಬಿಟ್ಟಾದರೂ ವಾಪಸ್ ಬಂದಿದ್ದರು. ಬರದೆ ಮನೆ ನಡೆಯುತ್ತಿರಲಿಲ್ಲ. ಬಿಎ ಮಾಡಿದ ಒಬ್ಬರಿಗೆ ಫೋನ್ ಮಾಡಿದೆ.

"ನಂಗೂ ಅದೇ ಟೈಲರ್ ಸಂಬಳ ಅಲ್ವಾ ಸಾರ್? ನಮ್ಮನೆಯವ್ರು ದುಡೀತಾರೆ. ಅಷ್ಟಕ್ಕೆ ಮಗು ಬಿಟ್ಟು ಯಾಕೆ ಬರ್ಲಿ?"

ಸೂಪರ್‌ವೈಸರ್ ಪೋಸ್ಟ್‌ಗೆ ಅವರ ಹೆಸರು ಬಂದಿತ್ತು. ಬಸುರಿ ಅಂತ ಆಗ ತೆಗೆದುಹಾಕಿದ್ದೂ ನಾನೇ. ಅದನ್ನು ಅವರಿಗೆ ಹೇಳಲಿಲ್ಲ.

ಈಗ ಆಯಾ ಎಂಟಕ್ಕೇ ಬರುತ್ತಾರೆ. ಅಪ್ರೂವಲ್ ಬಂದಿಲ್ಲ, ದಿನಾ ಅವರ ಪಂಚ್ ನಾನೇ ತಿದ್ದುತ್ತೇನೆ. ಒಂಬತ್ತು ಮಕ್ಕಳಿದ್ದಾರೆ. ಕಾರ್ಟನ್‌ಗೆ ಜಾಗ ಇಲ್ಲ ಅಂತ ಸ್ಟೋರಿನವನು ಗೊಣಗುತ್ತಲೇ ಇದ್ದಾನೆ.