ಹದಿನೆಂಟು ಗಾಜು, ಹದಿನೈದು ನೂರು ರೂಪಾಯಿ

ದೀಪಾವಳಿಗೆ ಇನ್ನು ಹನ್ನೊಂದು ದಿನ ಬಾಕಿ ಇದ್ದ ಒಂದು ಮಂಗಳವಾರ ಬೆಳಿಗ್ಗೆ ನಾನು ಮುಂಬಯಿ ಬದಿಯ ಡೊಂಬಿವಲಿಯಲ್ಲಿ ಸ್ಲೋ ಲೋಕಲಿನ ಲಗೇಜ್ ಡಬ್ಬಿ ಹತ್ತಿದೆ. ಎರಡು ಬಕೆಟ್, ಮಡಚಿದರೂ ನನ್ನೆತ್ತರಕ್ಕೆ ಬರುವ ಅಲ್ಯೂಮಿನಿಯಂ ಕೋಲು, ಹೆಗಲಿಗೊಂದು ಚೀಲ, ಇವುಗಳನ್ನು ಹಿಡಿದುಕೊಂಡು ಸಾಮಾನ್ಯ ಡಬ್ಬಿಯಲ್ಲಿ ನಿಲ್ಲಲು ಆ ಹೊತ್ತಿನಲ್ಲಿ ಯಾರೂ ಬಿಡುವುದಿಲ್ಲ. ಇಪ್ಪತ್ತೆರಡು ವರ್ಷ ಇದೇ ಹಳಿಯ ಮೇಲೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಓಡಾಡಿದವನಿಗೆ, ಮೀನಿನ ಬುಟ್ಟಿ ಮತ್ತು ಕೊತ್ತಂಬರಿ ಸೊಪ್ಪಿನ ಮೂಟೆಗಳ ನಡುವೆ ಇಷ್ಟು ಗಾಳಿಯಾಡುವ ಜಾಗವಿದೆ ಎಂಬುದು ಕೆಲಸ ಬದಲಾದ ಮೇಲೆಯೇ ತಿಳಿದದ್ದು.

ನಾನು ರಫ್ತು ಸಂಸ್ಥೆಯೊಂದರ ಲೆಕ್ಕಪತ್ರ ವಿಭಾಗದಲ್ಲಿದ್ದೆ. ಆ ವಿಭಾಗವನ್ನೇ ಬೇರೆ ರಾಜ್ಯಕ್ಕೆ ಸಾಗಿಸಿದಾಗ, ಬರುವವರು ಬರಬಹುದು, ಉಳಿದವರಿಗೆ ಮೂರು ತಿಂಗಳ ಸಂಬಳ ಎಂದರು. ಮಗಳು ಹತ್ತನೆಯ ತರಗತಿಯಲ್ಲಿದ್ದಳು, ನಾನು ಉಳಿದೆ. ನಲವತ್ತಾರು ದಾಟಿದ ಲೆಕ್ಕದವನಿಗೆ ಹೊಸ ಕೆಲಸ ಸಿಗುವುದೆಷ್ಟು ಕಷ್ಟ ಎಂಬುದನ್ನು ಇಲ್ಲಿ ಬಿಡಿಸಿ ಹೇಳಬೇಕಾಗಿಲ್ಲ. ಅದೇ ಹೊತ್ತಿಗೆ ನಮ್ಮ ಕಟ್ಟಡಕ್ಕೆ ಬಣ್ಣ ಬಳಿದು ಹೋದವರು ಎಲ್ಲರ ಕಿಟಕಿಯ ಮೇಲೂ ಸುಣ್ಣದ ಹನಿ ಚಿಮ್ಮಿಸಿ ಬಿಟ್ಟಿದ್ದರು. ಮನೆಯಲ್ಲಿ ಖಾಲಿ ಕುಳಿತಿದ್ದ ನಾನು ಒಂದು ಬ್ಲೇಡು ಹಿಡಿದು ನಮ್ಮ ಗಾಜುಗಳನ್ನು ಕೆರೆದು ಸ್ವಚ್ಛ ಮಾಡಿದೆ. ಎದುರು ಮನೆಯವರು ಕೇಳಿದರು. ಅವರಿಂದ ಮೂರನೆಯ ಮಹಡಿಯವರಿಗೆ ಸುದ್ದಿ ಮುಟ್ಟಿತು. ಒಂದು ವಾರದಲ್ಲಿ ಏಳು ಮನೆಗಳಾದವು. ಏಳನೆಯ ಮನೆಯವರು ಹಣ ಕೊಡುವಾಗ ಇದನ್ನೇ ಏಕೆ ಮಾಡಬಾರದು ಎಂದು ಕೇಳಿದ್ದು ತಮಾಷೆಗೆ. ನಾನು ಮನೆಗೆ ಬಂದು ಕಾಗದದ ಮೇಲೆ ಲೆಕ್ಕ ಹಾಕಿದೆ.

ಸಣ್ಣ ಉದ್ದಿಮೆಗಳಿಗೆಂದು ಸರ್ಕಾರ ಇಟ್ಟಿರುವ ಉದ್ಯಮ್ ನೋಂದಣಿಯನ್ನು ಒಂದೇ ಸಲ ಕುಳಿತು, ಶುಲ್ಕವಿಲ್ಲದೆ ಮಾಡಿಕೊಂಡೆ. ಸೇವೆ ಒದಗಿಸುವವರಿಗೆ ವರ್ಷದ ವಹಿವಾಟು 20 ಲಕ್ಷ ದಾಟುವ ತನಕ ಜಿಎಸ್‌ಟಿ ನೋಂದಣಿ ಬೇಕಿಲ್ಲ ಎಂಬುದು ನನಗೆ ಕೆಲಸದಿಂದಲೇ ಗೊತ್ತಿತ್ತು. ಆ 20 ಲಕ್ಷದ ಚಿಂತೆ ನನ್ನನ್ನು ಇದುವರೆಗೆ ಕಾಡಿಲ್ಲ. ಗಾಜಿನ ಕೆಲಸವನ್ನು ಮಾತ್ರ ಮೊದಲಿನಿಂದ ಕಲಿಯಬೇಕಾಯಿತು. ನಾವು ಸುಮ್ಮನೆ ವೈಪರ್ ಎನ್ನುವ ಉಪಕರಣದ ಹಗುರವಾದ, ಒಂದೇ ರಬ್ಬರಿನ ರೂಪಕ್ಕೆ ಎತ್ತೋರೆ ಸ್ಟೆಕೋನೆ ಎಂಬ ಇಟಲಿ ಮೂಲದ ಕಿಟಕಿ ಸ್ವಚ್ಛಗೊಳಿಸುವವನು ಕ್ಯಾಲಿಫೋರ್ನಿಯಾದಲ್ಲಿ 1936ರಲ್ಲಿ ಪೇಟೆಂಟ್ ಪಡೆದನಂತೆ. ಆಮೇಲೆ ಅದರಲ್ಲಿ ಹೇಳಿಕೊಳ್ಳುವಂಥ ಬದಲಾವಣೆಯೇನೂ ಆದಂತೆ ಕಾಣುವುದಿಲ್ಲ. ಗಾಜಿನ ಒಂದು ಅಂಚನ್ನು ಮೊದಲು ಒಣಬಟ್ಟೆಯಿಂದ ಒರೆಸಿಕೊಳ್ಳಬೇಕು, ರಬ್ಬರಿನ ತುದಿ ಆ ಒಣ ಅಂಚಿನಿಂದಲೇ ಹೊರಡಬೇಕು, ಪ್ರತಿ ಎಳೆತದ ನಂತರ ರಬ್ಬರನ್ನು ಒರೆಸಬೇಕು. ಬ್ಲೇಡು ಹಿಡಿದಾಗ ಗಾಜು ಒದ್ದೆಯಾಗಿರಲೇಬೇಕು ಮತ್ತು ಬ್ಲೇಡು ಮುಂದಕ್ಕೆ ಮಾತ್ರ ಹೋಗಬೇಕು, ಹಿಂದಕ್ಕೆ ಎಳೆದರೆ ಅದರಡಿ ಸಿಕ್ಕ ಮರಳಿನ ಒಂದು ಕಣ ಸಾಕು, ಗಾಜಿಗೆ ಗೀರು ಬೀಳುತ್ತದೆ. ಈ ಕೊನೆಯ ಪಾಠಕ್ಕೆ ನಾನು ಠಾಣೆಯ ಒಂದು ಮನೆಯಲ್ಲಿ ಹೊಸ ಗಾಜಿನ ಬೆಲೆಯನ್ನು ಶುಲ್ಕವಾಗಿ ತೆತ್ತಿದ್ದೇನೆ.

ಆ ಮಂಗಳವಾರದ ಮನೆ ಮುಲುಂಡ್ ಪಶ್ಚಿಮದಲ್ಲಿ, ಹನ್ನೊಂದನೆಯ ಮಹಡಿಯಲ್ಲಿತ್ತು. ಮನೆಯಾಕೆ ಮಹಾನಗರ ಪಾಲಿಕೆಯ ಕನ್ನಡ ಶಾಲೆಯಲ್ಲಿ ಬಹುಕಾಲ ಕಲಿಸಿ ನಿವೃತ್ತರಾದವರು, ಕುಮಟಾದ ಕಡೆಯವರು, ನಮ್ಮ ಬದಿಯ ಮಾತಿನಲ್ಲಿ ಅಕ್ಕೋರು. ನಾನು ಹೊನ್ನಾವರ ತಾಲೂಕಿನವನೆಂದು ಫೋನಿನಲ್ಲಿ ತಿಳಿದದ್ದೇ ತಡ, ಅವರ ಮಾತು ನೇರವಾಗಿ ಊರಿನ ಮಾತಿಗೆ ಇಳಿಯಿತು. ನಾನು ಹದಿನೆಂಟು ನೂರು ಎಂದಿದ್ದೆ. "ತಮಾ, ನಮ್ಮ ಬದಿಯವನಾಗಿ ನನ್ನ ಹತ್ರ ಹದಿನೆಂಟು ನೂರು ಹೇಳೂದೇ?" ಎಂದರು. ನಾನು ಹದಿನೈದಕ್ಕೆ ಇಳಿದೆ. ಮುಂಬಯಿಯ ಕನ್ನಡಿಗರು ನನಗೆ ಕೆಲಸ ಕೊಡಿಸಿದ್ದಾರೆ, ಸಂಘದ ಕಾರ್ಯಕ್ರಮಗಳಲ್ಲಿ, ಶನಿವಾರದ ಭಜನೆಯಲ್ಲಿ ನನ್ನ ನಂಬರು ಹಂಚಿದ್ದಾರೆ, ಆ ಉಪಕಾರವನ್ನು ನಾನು ಮರೆಯುವವನಲ್ಲ. ಆದರೆ ಕನ್ನಡದಲ್ಲಿ ಮಾತು ಆರಂಭವಾದ ಕೂಡಲೇ ನನ್ನ ದರ ಇಳಿಯುತ್ತದೆ ಎಂಬುದೂ ನಿಜ, ಮತ್ತು ಅದನ್ನು ಇಳಿಸುತ್ತಿದ್ದವನು ಹೆಚ್ಚಿನ ಸಲ ನಾನೇ. ಇಪ್ಪತ್ತೆರಡು ವರ್ಷ ಬೇರೆಯವರ ಕೋಟಿಗಳನ್ನು ಪೈಸೆ ತಪ್ಪದಂತೆ ಬರೆದಿಟ್ಟವನಿಗೆ ನನ್ನ ದುಡಿಮೆಯ ಬೆಲೆಯನ್ನು ಒಬ್ಬರ ಮುಖ ನೋಡಿ ಹೇಳುವ ಪ್ರಸಂಗ ಒಮ್ಮೆಯೂ ಬಂದಿರಲಿಲ್ಲ. ಸಂಬಳವೆಂಬುದು ಕೇಳದೆ ಬಂದು ಖಾತೆಗೆ ಬೀಳುತ್ತಿತ್ತು.

ಗೇಟಿನಲ್ಲಿ ವಾಚ್‌ಮನ್ ನನ್ನ ಹೆಸರಿನ ಮುಂದೆ 'ಸಫಾಯಿ' ಎಂದು ಬರೆದುಕೊಂಡು ಸರ್ವಿಸ್ ಲಿಫ್ಟ್ ತೋರಿಸಿದ. ಮೊದಲ ತಿಂಗಳು ಇದು ಚುಚ್ಚುತ್ತಿತ್ತು. ಈಗ ಆ ಲಿಫ್ಟಿನಲ್ಲಿ ಕೋಲು ನೆಟ್ಟಗೆ ನಿಲ್ಲುತ್ತದೆ ಎಂಬುದಷ್ಟೇ ಕಾಣುತ್ತದೆ. ಊರಿನಲ್ಲಿರುವ ಅಣ್ಣನಿಗೆ ಮಾತ್ರ ಇನ್ನೂ 'ಸಣ್ಣ ಬಿಸಿನೆಸ್ಸು' ಎಂದೇ ಹೇಳಿದ್ದೇನೆ.

ಒಂಬತ್ತು ಕಿಟಕಿಗಳು, ಒಂದೊಂದರಲ್ಲಿ ಎರಡು ಜಾರುವ ಗಾಜು ಮತ್ತು ಒಂದು ಸೊಳ್ಳೆ ಜಾಲರಿ. ಅಂದರೆ ಹದಿನೆಂಟು ಗಾಜು, ಒಳಗೂ ಹೊರಗೂ ಸೇರಿ ಮೂವತ್ತಾರು ಮೈ. ಮನೆಯನ್ನು ನೋಡದೆ ದರ ಹೇಳಿದ್ದು ನನ್ನ ಮೊದಲ ತಪ್ಪು. ಗಾಜುಗಳ ಮೇಲೆಲ್ಲ ಬಿಳಿಯ ಪೊರೆ ಕಟ್ಟಿತ್ತು. ಬೇಸಿಗೆಯಲ್ಲಿ ಆ ಸೊಸೈಟಿಗೆ ಟ್ಯಾಂಕರ್ ನೀರು ಬರುತ್ತದೆ, ಕೆಲಸದಾಕೆ ವಾರಕ್ಕೊಮ್ಮೆ ಅದೇ ನೀರನ್ನು ಗಾಜಿಗೆ ಎರಚಿ ಒರೆಸದೆ ಬಿಟ್ಟಿದ್ದಾಳೆ. ಭಾತ್ಸಾ, ತಾನ್ಸಾ ಮುಂತಾದ ಜಲಾಶಯಗಳಿಂದ ನಗರಕ್ಕೆ ಬರುವ ನೀರು ಮೆದು, ನೀರಿನಲ್ಲಿ ಕರಗಿದ ಲವಣವನ್ನು ಅಳೆಯುವ ನನ್ನ ಟಿಡಿಎಸ್ ಮೀಟರಿನಲ್ಲಿ ನೂರರ ಒಳಗೇ ನಿಲ್ಲುತ್ತದೆ. ಕೊಳವೆಬಾವಿಯ ಟ್ಯಾಂಕರ್ ನೀರು ಏಳುನೂರು ತೋರಿಸಿದ್ದನ್ನು ಕಂಡಿದ್ದೇನೆ. ಅಂಥ ನೀರು ಆರಿದಾಗ ಅದರಲ್ಲಿದ್ದ ಕ್ಯಾಲ್ಸಿಯಂ, ಮೆಗ್ನೀಷಿಯಂ ಲವಣಗಳು ಗಾಜಿನ ಮೇಲೆ ಉಳಿಯುತ್ತವೆ. ಇದಕ್ಕೆ ಸೋಪು ನಾಟುವುದಿಲ್ಲ, ಹುಳಿ ಬೇಕು. ಸಿಟ್ರಿಕ್ ಆಮ್ಲದ ಪುಡಿಯನ್ನು ನೀರಿನಲ್ಲಿ ಕರಗಿಸಿ, ಬಟ್ಟೆ ಅದ್ದಿ ಗಾಜಿಗೆ ಅಂಟಿಸಿ ಹತ್ತು ನಿಮಿಷ ಬಿಟ್ಟೆ. ದಪ್ಪ ಕಲೆಗಳಿದ್ದಲ್ಲಿ ಬಟ್ಟೆ ಎತ್ತಿದಾಗ ಸಣ್ಣಗೆ ಗುಳ್ಳೆಗಳೇಳುವುದು ಕಾಣಿಸಿತು.

ಬೆಳಿಗ್ಗೆ ಪಶ್ಚಿಮದ ಕೋಣೆಗಳು, ಮಧ್ಯಾಹ್ನದ ಮೇಲೆ ಪೂರ್ವದವು, ಏಕೆಂದರೆ ಬಿಸಿಲು ಬಿದ್ದ ಗಾಜಿನ ಮೇಲೆ ವೈಪರ್ ಎಳೆಯುವ ಮೊದಲೇ ನೀರು ಆರಿ ಗೆರೆ ಉಳಿಯುತ್ತದೆ. ಹನ್ನೊಂದನೆಯ ಮಹಡಿಯಾದ್ದರಿಂದ ಹೊರಗಿನ ಮೈಗೆ ನನ್ನದೊಂದು ಕಟ್ಟುನಿಟ್ಟಿನ ನಿಯಮವಿದೆ: ನನ್ನ ಎರಡೂ ಪಾದಗಳು ಮನೆಯ ನೆಲ ಬಿಡುವುದಿಲ್ಲ. ಹಗ್ಗಕ್ಕೆ ಕಟ್ಟಿದ ಹಲಗೆಯ ಮೇಲೆ ಕುಳಿತು ಇಳಿಯುವವರ ಕೆಲಸವೇ ಬೇರೆ, ಅದಕ್ಕೆ ಬೇಕಾದ ತರಬೇತಿ ನನಗಿಲ್ಲ. ನಾನು ಗಾಜಿನ ಚೌಕಟ್ಟನ್ನು ಮೇಲಕ್ಕೆತ್ತಿ, ಕೆಳಗಿನ ಅಂಚನ್ನು ಹಳಿಯಿಂದ ಬಿಡಿಸಿ ಒಳಗೆ ತಂದು, ಚಾಪೆಯ ಮೇಲೆ ನಿಲ್ಲಿಸಿ ತೊಳೆಯುತ್ತೇನೆ. 5 ಮಿಲಿಮೀಟರ್ ದಪ್ಪದ ಗಾಜು ಒಂದು ಚದರ ಮೀಟರಿಗೆ ಹನ್ನೆರಡೂವರೆ ಕಿಲೋ ತೂಗುತ್ತದೆ, ಚೌಕಟ್ಟಿನ ತೂಕ ಬೇರೆ. ಹದಿನೆಂಟನ್ನೂ ಎತ್ತಿ ಇಳಿಸಿ ಮತ್ತೆ ಕೂರಿಸಿದ ಮೇಲೆ ಸೊಂಟಕ್ಕೆ ಆ ಲೆಕ್ಕ ಚೆನ್ನಾಗಿ ಅರ್ಥವಾಗುತ್ತದೆ.

ಮಲಗುವ ಕೋಣೆಯ ಚೌಕಟ್ಟನ್ನು ಬಿಡಿಸುವಾಗ ಅಕ್ಕೋರು ಬಾಗಿಲಲ್ಲಿ ನಿಂತು, ಮಳೆಗಾಲದಲ್ಲಿ ಈ ಕಿಟಕಿಯಿಂದ ನೀರು ಒಳಗೆ ಬಂದು ಹಾಸಿಗೆ ತೋಯುತ್ತದೆ, ಮೂರು ಸಲ ಸಿಲಿಕೋನ್ ಹಾಕಿಸಿದರೂ ನಿಲ್ಲಲಿಲ್ಲ ಎಂದರು. ನಾನು ಟಾರ್ಚ್ ಹಚ್ಚಿ ಕೆಳಗಿನ ಹಳಿಯನ್ನು ನೋಡಿದೆ. ಹಳಿಯಲ್ಲಿ ನಿಂತ ನೀರು ಹೊರಗೆ ಹೋಗಲೆಂದು ಅಲ್ಯೂಮಿನಿಯಮ್ಮಿನಲ್ಲಿ ಎರಡು ಸಣ್ಣ ತೂತುಗಳಿರುತ್ತವೆ. ಒಂದರಲ್ಲಿ ಸಿಮೆಂಟು ಗಟ್ಟಿಯಾಗಿತ್ತು, ಇನ್ನೊಂದರಲ್ಲಿ ಪಾರಿವಾಳದ ಪುಕ್ಕ ಮತ್ತು ಮಣ್ಣು ಕಲೆತು ಬೆಣೆಯಂತೆ ಕುಳಿತಿತ್ತು. ನನ್ನ ಸ್ಕ್ರೂಡ್ರೈವರ್ ದಪ್ಪವಾಯಿತು. ಅಕ್ಕೋರು ಒಳಗೆ ಹೋಗಿ ಸ್ವೆಟರ್ ಹೆಣೆಯುವ ಕಡ್ಡಿಯೊಂದನ್ನು ತಂದುಕೊಟ್ಟರು. ಪುಕ್ಕ ಸುಲಭವಾಗಿ ಬಂತು. ಸಿಮೆಂಟನ್ನು ಒಂದೊಂದೇ ಹರಳಾಗಿ ಕುಟ್ಟಿ ತೆಗೆಯಲು ಇಪ್ಪತ್ತು ನಿಮಿಷ ಹಿಡಿಯಿತು. ಆಮೇಲೆ ಒಂದು ತಂಬಿಗೆ ನೀರನ್ನು ಹಳಿಗೆ ಸುರಿದು ಇಬ್ಬರೂ ಬಗ್ಗಿ ನೋಡಿದೆವು. ನೀರು ಒಂದು ಕ್ಷಣ ನಿಂತು, ಸಣ್ಣಗೆ ಸುಳಿ ತಿರುಗಿ, ಗುಳುಗುಳು ಎಂದು ಹೊರಗೆ ಹೋಯಿತು. ಅಕ್ಕೋರು ಇನ್ನೊಂದು ತಂಬಿಗೆ ತರಿಸಿಕೊಂಡು ತಾವೇ ಸುರಿದು ನೋಡಿದರು.

ಈ ಕೆಲಸಕ್ಕೆ ನಾನು ಬೇರೆ ಹಣ ಕೇಳಲಿಲ್ಲ, ಕೇಳಬೇಕೆಂದು ಹೊಳೆಯಲೂ ಇಲ್ಲ.

ತೊಡಕು ನಡುಮನೆಯ ದೊಡ್ಡ ಕಿಟಕಿಯಲ್ಲಿ ಬಂತು. ಅದರ ಎರಡು ಗಾಜುಗಳ ಮೇಲ್ಭಾಗದ ಕಲೆ ಮೂರು ಸಲ ಹುಳಿ ಹಚ್ಚಿದರೂ ಕದಲಲಿಲ್ಲ. ಒದ್ದೆಯಿದ್ದಾಗ ಮಾಯವಾಗುತ್ತದೆ, ಆರಿದ ಕೂಡಲೇ ಮೋಡದಂತೆ ಮರಳುತ್ತದೆ, ಉಗುರಿಗೆ ಏನೂ ತಾಗುವುದಿಲ್ಲ. ಮೇಲಿನ ಮನೆಯವರು ಎರಡು ವರ್ಷದ ಹಿಂದೆ ಸಜ್ಜಾಕ್ಕೆ ಪ್ಲಾಸ್ಟರ್ ಮಾಡಿಸಿದ್ದರೆಂದು ಕೇಳಿ ತಿಳಿದೆ. ಹಸಿ ಸಿಮೆಂಟಿನ ಮೇಲಿಂದ ಹರಿದ ಮಳೆನೀರು ಕ್ಷಾರವಾಗಿರುತ್ತದೆ. ಅದು ಗಾಜಿನ ಮೇಲೆ ಪದೇ ಪದೇ ಇಳಿದು ಆರಿದರೆ ಗಾಜಿನ ಮೈಯನ್ನೇ ತಿನ್ನುತ್ತದೆ. ಅಲ್ಲಿ ಒರೆಸಿ ತೆಗೆಯುವಂಥದ್ದೇನೂ ಇರುವುದಿಲ್ಲ, ಕೆಟ್ಟದ್ದು ಗಾಜೇ. ಗಾಜಿಗೆ ಹೊಳಪು ಕೊಡುವ ಸೀರಿಯಂ ಆಕ್ಸೈಡ್ ಪುಡಿ ಹಾಕಿ ಯಂತ್ರದಿಂದ ಉಜ್ಜಿದರೆ ತೆಳುವಾದ ಹಾನಿ ಹೋಗಬಹುದು, ಆದರೆ ಅಷ್ಟು ಹೊತ್ತಿನ ಕೂಲಿಗಿಂತ ಗಾಜು ಬದಲಿಸುವುದೇ ಅಗ್ಗ. ಇದನ್ನೆಲ್ಲ ನಾನು ಹೇಳುತ್ತಿರುವಾಗ ಅಕ್ಕೋರು, ಮನೆಪಾಠ ಬರೆಯದ ಹುಡುಗನ ನೆಪ ಕೇಳುವವರಂತೆ ನನ್ನನ್ನೇ ನೋಡುತ್ತಿದ್ದರು. ಕೊನೆಗೆ ತಾವೇ ಉಗುರಿನಿಂದ ಗೀಚಿ ನೋಡಿ, "ಹಾಗಾದ್ರೆ ಹೋಗದೇ ಇದ್ದ ಗಾಜಿಗೂ ದುಡ್ಡು ಕೊಡೂದೇ?" ಎಂದರು. ನಾನು ಸುಮ್ಮನೆ ನಕ್ಕು ರಬ್ಬರ್ ಒರೆಸಿದೆ. ನಗಬಾರದಿತ್ತು, ಉತ್ತರ ಹೇಳಬೇಕಾಗಿತ್ತು. ಆ ಎರಡು ಗಾಜಿಗೆ ಉಳಿದೆಲ್ಲದಕ್ಕಿಂತ ಹೆಚ್ಚು ಸಮಯ ಹೋಗಿತ್ತು.

ಸಂಜೆ ಐದೂವರೆಗೆ ಜಾಲರಿಗಳನ್ನು ಕೂರಿಸಿ, ಬಕೆಟ್ ಖಾಲಿ ಮಾಡಿ, ಬಾಗಿಲ ಹೊರಗೆ ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ಎದುರು ಮನೆಯ ಮಧ್ಯವಯಸ್ಸಿನ ಹೆಂಗಸು ತೆರೆದ ಬಾಗಿಲಿನಿಂದ ಒಳಗಿನ ನಡುಮನೆಯನ್ನು ನೋಡಿ, "ಕಿತೀ ಘೇತಾ?" ಎಷ್ಟು ತಗೊಳ್ತೀರಿ ಎಂದು ಮರಾಠಿಯಲ್ಲಿ ಕೇಳಿದರು. ಅವರ ಮನೆಯ ನಕ್ಷೆಯೂ ಇದೇ, ಟ್ಯಾಂಕರ್ ನೀರೂ ಇದೇ. ಆ ಕ್ಷಣ ನನ್ನ ಸೊಂಟ ನೋಯುತ್ತಿತ್ತು ಎಂಬುದೇ ಕಾರಣವಿರಬೇಕು, ತಲೆಯಲ್ಲಿ ಲೆಕ್ಕ ತಾನಾಗಿ ಓಡಿತು: ಗಾಜಿಗೆ ನೂರರಂತೆ ಹದಿನೆಂಟು ನೂರು, ಹಳಿ ಮತ್ತು ಜಾಲರಿಗೆ ಕಿಟಕಿಗೆ ನೂರರಂತೆ ಒಂಬತ್ತು ನೂರು, ಕಲೆ ತೆಗೆಯಲು ಗಾಜಿಗೆ ಐವತ್ತರಂತೆ ಮತ್ತೊಂದು ಒಂಬತ್ತು ನೂರು.

"ತೀನ್ ಹಜಾರ್ ಸಹಾಶೇ," ಎಂದೆ, ಮೂರು ಸಾವಿರದ ಆರುನೂರು. ಗಾಜಿನ ಮೈಯೇ ಕೆಟ್ಟಿದ್ದರೆ ಆ ಕಲೆ ಹೋಗುವುದಿಲ್ಲ, ಆದರೂ ಹಣ ಇಷ್ಟೇ ಎಂಬುದನ್ನೂ ಸೇರಿಸಿದೆ.

ಆಕೆ, "ಠೀಕ್ ಆಹೇ. ಗುರುವಾರೀ ಜಮೇಲ್ ಕಾ?" ಎಂದರು, ಸರಿ, ಗುರುವಾರ ಆಗುತ್ತದೆಯೇ ಎಂದು.

ಅಕ್ಕೋರು ನನ್ನ ಹಿಂದೆಯೇ ಹಣ ಹಿಡಿದು ನಿಂತಿದ್ದರು. ಮುಂಬಯಿಯಲ್ಲಿ ಇಷ್ಟು ವರ್ಷ ಮಾಸ್ತರಿಕೆ ಮಾಡಿದವರಿಗೆ ಮರಾಠಿ ಬರುವುದಿಲ್ಲವೇ? ಅವರು ಒಂದು ಮಾತನ್ನೂ ಆಡಲಿಲ್ಲ. ಒಳಗೆ ಹೋಗಿ, ಹಬ್ಬಕ್ಕೆಂದು ಮಾಡಿಟ್ಟಿದ್ದ ಚಕ್ಕುಲಿಯನ್ನು ಒಂದು ಡಬ್ಬಿಗೆ ತುಂಬಿ ತಂದು ನನ್ನ ಚೀಲದಲ್ಲಿ ಬಟ್ಟೆಗಳ ಮೇಲೆ ಇಟ್ಟರು. ಆಮೇಲೆ ಮೂರು ಐನೂರರ ನೋಟುಗಳನ್ನು ನನ್ನ ಕೈಯಲ್ಲಿಟ್ಟು, "ಹದಿನೈದು ನೂರು. ಎಣಿಸಿ ನೋಡು ತಮಾ," ಎಂದರು. ನಾನು ಎಣಿಸಿ ನೋಡಿ, ಡೈರಿ ತೆಗೆದು ಗುರುವಾರದ ಪುಟದಲ್ಲಿ ಎದುರು ಮನೆಯ ನಂಬರನ್ನು ಬರೆದುಕೊಂಡೆ.