ಮಸೂದೆ ಯಾವುದು ಎಂಬುದರ ಮೇಲೆ ಮೇಲ್ಮನೆಯ ಬಲ

ರಾಜ್ಯಸಭಾ ಚುನಾವಣೆ ಬಂದಾಗಲೆಲ್ಲ ನಮ್ಮ ಪತ್ರಿಕೆಗಳಲ್ಲಿ 45 ಮತಗಳ ಲೆಕ್ಕ ಕಾಣಿಸಿಕೊಳ್ಳುತ್ತದೆ. ಕರ್ನಾಟಕದ 12 ಸ್ಥಾನಗಳಲ್ಲಿ ನಾಲ್ಕು ತೆರವಾದಾಗ, ವಿಧಾನಸಭೆಯ 224 ಮತಗಳನ್ನು ಸ್ಥಾನಗಳ ಸಂಖ್ಯೆಗಿಂತ ಒಂದು ಹೆಚ್ಚಾದ ಐದರಿಂದ ಭಾಗಿಸಿದರೆ 44.8 ಬರುತ್ತದೆ, ಆದ್ದರಿಂದ 45 ಶಾಸಕರ ಮೊದಲ ಪ್ರಾಶಸ್ತ್ಯದ ಮತ ದೊರೆತವರು ಗೆಲ್ಲುತ್ತಾರೆ. ಮಿಕ್ಕ ಮತಗಳು ಎರಡನೆಯ ಪ್ರಾಶಸ್ತ್ಯದವರಿಗೆ ಹರಿಯುವುದರಿಂದ ಕೊನೆಯ ಸ್ಥಾನಕ್ಕಾಗಿಯೇ ರೆಸಾರ್ಟ್ ವಾಸ, ಅಡ್ಡಮತದಾನಗಳೆಲ್ಲ ನಡೆಯುತ್ತವೆ. ಅಭ್ಯರ್ಥಿಯು ಆಯಾ ರಾಜ್ಯದ ಮತದಾರನೇ ಆಗಿರಬೇಕೆಂಬ ಷರತ್ತನ್ನು 2003ರಲ್ಲಿ ತೆಗೆದುಹಾಕಿದ ಮೇಲೆ ರಾಜ್ಯಸಭೆಗಿರುವ ‘ರಾಜ್ಯಗಳ ಪರಿಷತ್ತು’ ಎಂಬ ಹೆಸರಿನ ಅರ್ಥ ಸ್ವಲ್ಪ ಸಡಿಲವಾಗಿದೆ ಎಂದೇ ನನಗನಿಸುತ್ತದೆ.

ಈ ಸದನ ಎಂದೂ ವಿಸರ್ಜನೆಯಾಗುವುದಿಲ್ಲ. ಸದಸ್ಯರ ಅವಧಿ ಆರು ವರ್ಷವಾಗಿದ್ದು, ಎರಡು ವರ್ಷಕ್ಕೊಮ್ಮೆ ಮೂರನೇ ಒಂದರಷ್ಟು ಮಂದಿ ನಿವೃತ್ತರಾಗುತ್ತಾರೆ. ಹೀಗಾಗಿ 245 ಸದಸ್ಯರ ಆ ಸಭೆಯಲ್ಲಿ ಹಿಂದಿನ ವರ್ಷಗಳ ವಿಧಾನಸಭೆಗಳ ಬಲಾಬಲ ಉಳಿದುಕೊಂಡಿರುತ್ತದೆ. 2014ರಲ್ಲಿ ಲೋಕಸಭೆಯಲ್ಲಿ ಸ್ಪಷ್ಟ ಬಹುಮತ ಪಡೆದ ಸರ್ಕಾರಕ್ಕೆ ರಾಜ್ಯಸಭೆಯಲ್ಲಿ ಬಹುಮತವಿರಲಿಲ್ಲ.

ಸರ್ಕಾರದ ಅಳಿವು ಉಳಿವು ಮಾತ್ರ ಪೂರ್ಣವಾಗಿ ಲೋಕಸಭೆಯ ಕೈಯಲ್ಲಿದೆ. ಪ್ರಧಾನಿಯಾದ ಮೇಲೆ ಎಚ್.ಡಿ. ದೇವೇಗೌಡರು ರಾಜ್ಯಸಭೆಗೆ ಆಯ್ಕೆಯಾದರು. 1997ರ ಏಪ್ರಿಲ್‌ನಲ್ಲಿ ಲೋಕಸಭೆಯಲ್ಲಿ ತಮ್ಮದೇ ವಿಶ್ವಾಸಮತದ ಚರ್ಚೆಗೆ ಉತ್ತರಿಸುವ ಹಕ್ಕು ಅವರಿಗಿತ್ತು, ಮತ ಹಾಕುವ ಹಕ್ಕು ಇರಲಿಲ್ಲ.

ಮಸೂದೆಗಳ ವಿಷಯದಲ್ಲಿ ಮೇಲ್ಮನೆಗೆ ಎಷ್ಟು ಬಲ ಎಂಬುದು ಮಸೂದೆಯ ಸ್ವರೂಪವನ್ನು ಅವಲಂಬಿಸಿದೆ. ಸಾಮಾನ್ಯ ಮಸೂದೆಗೆ ಎರಡೂ ಸದನಗಳ ಒಪ್ಪಿಗೆ ಬೇಕು. ಒಂದು ಸದನ ತಿರಸ್ಕರಿಸಿದರೆ ಅಥವಾ ಆರು ತಿಂಗಳು ಮೀರಿ ಅಂಗೀಕರಿಸದೆ ಇಟ್ಟುಕೊಂಡರೆ ರಾಷ್ಟ್ರಪತಿಗಳು ಜಂಟಿ ಅಧಿವೇಶನ ಕರೆಯಬಹುದು. ಅಲ್ಲಿ ಲೋಕಸಭೆಯ 543 ಸದಸ್ಯರ ಸಂಖ್ಯಾಬಲವೇ ಮೇಲುಗೈ ಸಾಧಿಸುವುದು ಸಹಜ. 1961ರ ವರದಕ್ಷಿಣೆ ನಿಷೇಧ, 1978ರ ಬ್ಯಾಂಕಿಂಗ್ ಸೇವಾ ಆಯೋಗ ರದ್ದತಿ, 2002ರ ಭಯೋತ್ಪಾದನೆ ತಡೆ (ಪೋಟಾ), ಈ ಮೂರು ಮಸೂದೆಗಳು ಆ ದಾರಿಯಲ್ಲಿ ಕಾನೂನಾದವು.

ಸಂವಿಧಾನ ತಿದ್ದುಪಡಿಗೆ ಆ ದಾರಿಯಿಲ್ಲ. ಪ್ರತಿ ಸದನವೂ ಪ್ರತ್ಯೇಕವಾಗಿ, ಹಾಜರಿದ್ದು ಮತ ಹಾಕಿದವರ ಮೂರನೇ ಎರಡರಷ್ಟು ಬಹುಮತದಿಂದ ಅಂಗೀಕರಿಸಬೇಕು. 1970ರ ಸೆಪ್ಟೆಂಬರ್‌ನಲ್ಲಿ ಮಾಜಿ ಅರಸರಿಗೆ ಸರ್ಕಾರ ವರ್ಷವರ್ಷ ಕೊಡುತ್ತಿದ್ದ ರಾಜಧನವನ್ನು ರದ್ದುಪಡಿಸುವ ಮಸೂದೆ ಲೋಕಸಭೆಯನ್ನು ದಾಟಿ ರಾಜ್ಯಸಭೆಗೆ ಬಂದಾಗ ಪರವಾಗಿ 149, ವಿರುದ್ಧವಾಗಿ 75 ಮತಗಳು ಬಿದ್ದವು. ಒಟ್ಟು 224ರ ಮೂರನೇ ಎರಡು ಭಾಗವೆಂದರೆ 149ಕ್ಕಿಂತ ಒಂದು ಕೂದಲಷ್ಟು ಹೆಚ್ಚು. ಅಷ್ಟರಿಂದಲೇ ಮಸೂದೆ ಬಿದ್ದುಹೋಯಿತು. ವರ್ಷಕ್ಕೆ 26 ಲಕ್ಷ ರೂಪಾಯಿಯ ಅತಿ ದೊಡ್ಡ ರಾಜಧನ ನಮ್ಮ ಮೈಸೂರು ಅರಸರದಾಗಿತ್ತು. 1971ರ ಚುನಾವಣೆಯಲ್ಲಿ ಗೆದ್ದುಬಂದ ಮೇಲೆಯೇ ಇಂದಿರಾ ಗಾಂಧಿಯವರಿಗೆ 26ನೇ ತಿದ್ದುಪಡಿಯ ಮೂಲಕ ಅದನ್ನು ನಿಲ್ಲಿಸಲು ಸಾಧ್ಯವಾಯಿತು.

ಇಷ್ಟು ಬಲವುಳ್ಳ ಸದನವೇ ಹಣಕಾಸು ಮಸೂದೆಯ ಮುಂದೆ ಸಲಹೆ ಕೊಡುವ ಸಮಿತಿಯ ಮಟ್ಟಕ್ಕೆ ಇಳಿಯುತ್ತದೆ. 14 ದಿನಗಳೊಳಗೆ ಅದು ಮಸೂದೆಯನ್ನು ಹಿಂದಿರುಗಿಸಬೇಕು. ಅದರ ಶಿಫಾರಸುಗಳನ್ನು ಲೋಕಸಭೆ ಒಪ್ಪಬಹುದು, ಬಿಡಬಹುದು. 2016ರಲ್ಲಿ ಆಧಾರ್ ಮಸೂದೆ ಈ ರೂಪದಲ್ಲಿ ಬಂದಾಗ ರಾಜ್ಯಸಭೆ ಸೂಚಿಸಿದ ತಿದ್ದುಪಡಿಗಳನ್ನು ಲೋಕಸಭೆ ಅದೇ ದಿನ ತಳ್ಳಿಹಾಕಿತು. ಯಾವುದು ಹಣಕಾಸು ಮಸೂದೆ ಎಂಬುದನ್ನು 110ನೇ ವಿಧಿ ತೆರಿಗೆ, ಸಾಲ, ಸಂಚಿತ ನಿಧಿ (ಸರ್ಕಾರದ ಮುಖ್ಯ ಖಜಾನೆ) ಮೊದಲಾದ ವಿಷಯಗಳಿಗೆ ‘ಮಾತ್ರ’ ಎಂದು ಕಟ್ಟಿಹಾಕಿದೆಯಾದರೂ, ಪ್ರಮಾಣಪತ್ರ ಕೊಡುವವರು ಲೋಕಸಭೆಯ ಸ್ಪೀಕರ್. 2018ರಲ್ಲಿ ಸುಪ್ರೀಂ ಕೋರ್ಟಿನ ಬಹುಮತದ ತೀರ್ಪು ಆಧಾರ್‌ಗೆ ಹಚ್ಚಿದ ಆ ಹೆಸರನ್ನು ಒಪ್ಪಿಕೊಂಡರೆ, ಭಿನ್ನಮತ ಬರೆದ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅದನ್ನು ಸಂವಿಧಾನಕ್ಕೆ ಎಸಗಿದ ವಂಚನೆ ಎಂದರು. ಮರುವರ್ಷ ಇನ್ನೊಂದು ಪೀಠ ಈ ಪ್ರಶ್ನೆಯನ್ನೇ ಹಿರಿದಾದ ಪೀಠಕ್ಕೆ ಒಪ್ಪಿಸಿತು.

ಸ್ಪೀಕರ್ ಸಾಮಾನ್ಯವಾಗಿ ಆಳುವ ಪಕ್ಷದಿಂದ ಬಂದವರಾಗಿರುವಾಗ, ಇನ್ನೊಂದು ಸದನದ ಅಧಿಕಾರವನ್ನು ಮೊಟಕುಗೊಳಿಸುವ ಸಹಿಗೆ ಕಾರಣಗಳನ್ನು ಬರವಣಿಗೆಯಲ್ಲಿ ಕೊಡಬೇಕೆಂಬ ನಿಯಮವಾದರೂ ಬೇಕೆಂಬುದು ನನ್ನ ಅಭಿಪ್ರಾಯ; ಆ ಕಾರಣಗಳನ್ನು ರಾಜ್ಯಸಭೆಯ ಮುಂದೆ ಮಂಡಿಸಿದ ಬಳಿಕವೇ 14 ದಿನಗಳ ಲೆಕ್ಕ ಶುರುವಾಗಬೇಕು.